ಸೋಪಾನಪತನ ಮೀಮಾಂಸೆ

ಯಾವ ಶಾಸ್ತ್ರವೂ ಅನುಬಂಧ ಚತುಷ್ಟಯವಿಲ್ಲದೆ ಹೊರಡಬಾರದೆಂಬುದು ಹಿರಿಯರ ಕಟ್ಟಳೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ. ವಿಷಯ: ಅಮೆರಿಕದ ಟ್ರಕ್ ಕ್ಯಾಂಪರಿನ ಬಾಗಿಲ ಮೆಟ್ಟಿಲು. ಪ್ರಯೋಜನ: ಸೊಂಟದ ರಕ್ಷಣೆ. ಅಧಿಕಾರಿ: ಒಮ್ಮೆ ಬಿದ್ದವನು, ಎರಡು ಸಲ ಬಿದ್ದವನಿಗೆ ಕೂತು ಓದುವ ಸ್ಥಿತಿ ಇರುವುದಿಲ್ಲ. ಸಂಬಂಧ: ಬಿದ್ದವನಿಗೂ ವಿಮೆಯವರಿಗೂ ಇರುವಂಥದ್ದು, ಎಂದರೆ ಬರೀ ಕಾಗದದ್ದು.

ಲಕ್ಷಣ

ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೆ ಇಡಿಯಾಗಿ ಕೂರಿಸುವ ಒಂದು ಕೋಣೆಯ ಮನೆಯೇ ಟ್ರಕ್ ಕ್ಯಾಂಪರ್. ಒಲೆ, ಫ್ರಿಜ್ಜು, ಸಿಂಕು, ಡ್ರೈವರನ ನೆತ್ತಿಯ ಮೇಲಕ್ಕೆ ಚಾಚಿದ ಹಾಸಿಗೆ, ಎಲ್ಲ ಉಂಟು. ಬಾಗಿಲು ಸಾಮಾನ್ಯವಾಗಿ ಹಿಂಬದಿಗೆ. ಕೊಳ್ಳಲು ಬಂದವರು ಹಾಸಿಗೆ ಒತ್ತಿ ನೋಡುತ್ತಾರೆ, ಒಲೆ ಹೊತ್ತಿಸಿ ನೋಡುತ್ತಾರೆ, ಸೋಲಾರ್ ಎಷ್ಟು ವಾಟ್ ಎಂದು ವಿಚಾರಿಸುತ್ತಾರೆ. ಇಷ್ಟನ್ನೂ ನೋಡಲು ಅವರು ತುಳಿದು ಹತ್ತಿದ ಮೆಟ್ಟಿಲನ್ನು ಮಾತ್ರ ನೋಡುವುದಿಲ್ಲ. ಅದು ಕಾಲಿಗೆ ಸಿಗದ ದಿನವೇ ಅದರ ಅರಿವಾಗುವುದು. ಅನುಪಲಬ್ಧಿ ಪ್ರಮಾಣಕ್ಕೆ ಭೂತಲದಲ್ಲಿ ಗಡಿಗೆ ಇಲ್ಲವೆಂಬ ಹಳೆಯ ಉದಾಹರಣೆಯನ್ನು ಇನ್ನು ಕೈಬಿಡಬಹುದು.

ಪರಿಮಾಣ ವಿಚಾರ

ಫ್ರಾನ್ಸಿನ ವಾಸ್ತುಶಾಸ್ತ್ರಜ್ಞ ಫ್ರಾಂಸ್ವಾ ಬ್ಲಾಂಡೆಲ್ 17ನೆಯ ಶತಮಾನದಷ್ಟು ಹಿಂದೆಯೇ ಸೂತ್ರ ಕೊಟ್ಟ: ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಅಗಲ ಕೂಡಿಸಿದರೆ ಆ ಕಾಲದ ಪ್ಯಾರಿಸ್ ಅಳತೆಯಲ್ಲಿ 24 ಇಂಚು ಬರಬೇಕು. ಇವತ್ತಿನ ಇಂಚಿನಲ್ಲಿ ಅದು ಹತ್ತಿರ ಹತ್ತಿರ 25½. ಅಮೆರಿಕದಲ್ಲಿ ಮನೆ ಕಟ್ಟುವವರಿಗೆ ಮಾದರಿಯಾದ ಸಂಹಿತೆ ಮೆಟ್ಟಿಲಿನ ಎತ್ತರ 7¾ ಇಂಚು ಮೀರಬಾರದು, ಅಗಲ 10 ಇಂಚಿಗೆ ಕಡಿಮೆಯಾಗಬಾರದು ಎನ್ನುತ್ತದೆ. ಲೆಕ್ಕ ಹಾಕಿ: ಮತ್ತೆ 25½. ಮೂರು ಶತಮಾನ ಕಳೆದರೂ ಮನುಷ್ಯನ ಮೊಣಕಾಲು ತನ್ನ ಅಭಿಪ್ರಾಯ ಬದಲಿಸಿಲ್ಲ.

ಕ್ಯಾಂಪರಿನ ಹೊಸ್ತಿಲು ನೆಲದಿಂದ 36 ಇಂಚು ಮೇಲಿದೆ ಎಂದುಕೊಳ್ಳೋಣ. ದೊಡ್ಡ ಟ್ರಕ್ಕುಗಳಲ್ಲಿ ಇನ್ನೂ ಹೆಚ್ಚು. ಸಂಹಿತೆಯ ಪ್ರಕಾರ ಐದು ಏರು, ನಾಲ್ಕು ಹಲಗೆ ಬೇಕು. ಆಗ ಮೆಟ್ಟಿಲು ವಾಹನದ ಹಿಂದೆ 40 ಇಂಚು ಬಾಲ ಚಾಚುತ್ತದೆ. ಇದಕ್ಕೆ ಒಪ್ಪದ ತಯಾರಕ ಮೂರೇ ಹಲಗೆ ಕೊಟ್ಟರೆ ಒಂದೊಂದು ಏರೂ 9 ಇಂಚು. ಹಲಗೆಯ ಅಗಲ 6 ಇಂಚಿದ್ದರೆ ಮುಂಗಾಲು ಮಾತ್ರ ಹಿಡಿಸುತ್ತದೆ. ಹಿಮ್ಮಡಿ ಅಮೆರಿಕದ ಬಯಲಿನಲ್ಲಿ ತೇಲುತ್ತಿರುತ್ತದೆ.

ಅದೇ ಸಂಹಿತೆ ಒಂದೇ ಸಾಲಿನ ಏರುಗಳ ನಡುವೆ ⅜ ಇಂಚಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸದು. ಕ್ಯಾಂಪರ್ ನಿಲ್ಲುವುದೋ ಮರಳು, ಜಲ್ಲಿ, ಇಳಿಜಾರಿನಲ್ಲಿ. ಕೊನೆಯ ಏರು ಇವತ್ತು 5 ಇಂಚು, ನಾಳೆ 14. ಅಭ್ಯಾಸಬಲದಿಂದ ಇಳಿಯುವ ಕಾಲು ನಿನ್ನೆಯ ನೆಲವನ್ನು ಹುಡುಕುತ್ತದೆ.

ಭೇದ ವಿಚಾರ

ಮೆಟ್ಟಿಲು ಚತುರ್ವಿಧ. ಮೊದಲನೆಯದು ಕತ್ತರಿ ಮೆಟ್ಟಿಲು: ಹಳೆಯ ಅಂಗಡಿಗಳ ಜಾಲರಿ ಗೇಟನ್ನು ಓರೆಯಾಗಿ ನೇತುಹಾಕಿದಂತೆ. ಎಳೆದರೆ ಬಿಚ್ಚಿಕೊಳ್ಳುತ್ತದೆ, ತಳ್ಳಿದರೆ ಮುದುಡುತ್ತದೆ. ಪಟ್ಟಿಗಳು ಕೂಡುವಲ್ಲೆಲ್ಲ ಒಂದೊಂದು ರಿವೆಟ್. ಒಂದು ರಿವೆಟ್ಟಿನ ತೂತು ಕೂದಲೆಳೆಯಷ್ಟು ಸವೆದರೆ ಏನೂ ಆಗದು. ಆದರೆ ಸಡಿಲ ಸಂಧಿಯಿಂದ ಸಂಧಿಗೆ ಕೂಡುತ್ತಾ ಹೋಗಿ ಕೊನೆಯ ಹಲಗೆಯಲ್ಲಿ ಜೋಕಾಲಿಯಾಗುತ್ತದೆ. ಹಲಗೆ ಹೆಚ್ಚಿದಷ್ಟೂ ತುದಿ ದೂರ. ದೂರ ಹೆಚ್ಚಿದಷ್ಟೂ ಮೇಲಿನ ಸಂಧಿಯ ಮೇಲೆ ತಿರುಚು. ಎರಡನೆಯದು ನೆಲಕ್ಕೆ ಕಾಲೂರುವ ಮಡಚು ಮೆಟ್ಟಿಲು. ಕಾಲುಗಳನ್ನು ಉದ್ದ ಗಿಡ್ಡ ಮಾಡಬಹುದಾದ್ದರಿಂದ ಭಾರ ನೆಲಕ್ಕೆ ಹೋಗುತ್ತದೆ. ಕೊನೆಯ ಪಿನ್ನನ್ನು ಸರಿಯಾದ ತೂತಿಗೆ ಸೇರಿಸಿದ್ದರೆ. ಮೂರನೆಯದು ವಿದ್ಯುತ್ ಮೆಟ್ಟಿಲು. ಬಾಗಿಲು ತೆರೆದರೆ ತಾನೇ ಹೊರಬರುತ್ತದೆ. ಬರಬೇಕು. ಬಾರದ ದಿನ ಅದು ಮುನ್ಸೂಚನೆ ಕೊಡುವುದಿಲ್ಲ. ನಾಲ್ಕನೆಯದು ಪ್ಲಾಸ್ಟಿಕ್ ಸ್ಟೂಲು. ಇದನ್ನು ಶಾಸ್ತ್ರಕಾರರು ಅಗತಿಕಗತಿ ಎಂದಿಷ್ಟೇ ಹೇಳಿ ಮುಂದೆ ಹೋಗುತ್ತಾರೆ.

ಕಾರಣ ವಿಚಾರ

17ನೆಯ ಶತಮಾನದ ಅನ್ನಂಭಟ್ಟ ತನ್ನ ತರ್ಕಸಂಗ್ರಹದಲ್ಲಿ ಗುರುತ್ವವನ್ನು ಮೊದಲ ಪತನದ ಅಸಮವಾಯಿ ಕಾರಣವೆಂದು ನಿರ್ಣಯಿಸಿದ್ದಾನೆ. ಮುಂದಿನ ಪತನಗಳಿಗೆ ವೇಗ ಕಾರಣವೆಂದು ವ್ಯಾಖ್ಯಾನಕಾರರ ಮತ. ಮೂರನೆಯ ಹಲಗೆಯಿಂದ ಜಾರಿದವರು ಇಬ್ಬರ ಮಾತಿಗೂ ಸಾಕ್ಷಿ ಹೇಳಬಲ್ಲರು. ಸಮವಾಯಿ ಕಾರಣ ಬೀಳುವವನ ದೇಹ, ಅದರಲ್ಲಿ ವಿವಾದವಿಲ್ಲ. ನಿಮಿತ್ತ ಕಾರಣದ ವಿಷಯದಲ್ಲಿ ಮಾತ್ರ ಪಂಥಗಳುಂಟು. ಮಾರಿದವರ ಮತ: ಕೈಯಲ್ಲಿದ್ದ ಕಾಫಿ ಲೋಟ. ಬಿದ್ದವರ ಮತ: ರಿವೆಟ್. ಹೆಂಡತಿಯ ಮತ: "ನಾನು ಆಗಲೇ ಹೇಳ್ಲಿಲ್ವಾ?" ಕೊನೆಯದು ಕಾರಣವಲ್ಲ, ಆದರೆ ಆಪ್ತವಾಕ್ಯವಾದ್ದರಿಂದ ಪ್ರಮಾಣ.

ಸಿದ್ಧಾಂತ

ಇಲ್ಲಿ ಪೂರ್ವಪಕ್ಷಿ ಕೇಳುತ್ತಾನೆ: ಹತ್ತುವಾಗ ಬೀಳದವನು ಇಳಿಯುವಾಗ ಬೀಳುವುದೇಕೆ? ಮೆಟ್ಟಿಲು ಅದೇ, ಮನುಷ್ಯನೂ ಅವನೇ. ಉತ್ತರ: ಹತ್ತುವಾಗ ಹಲಗೆ ಕಣ್ಣೆದುರು, ಕೈ ಹಿಡಿಕೆಯ ಮೇಲೆ. ಇಳಿಯುವಾಗ ಹಲಗೆ ಹೊಟ್ಟೆಯ ಕೆಳಗೆ ಮರೆ, ಕೈಯಲ್ಲಿ ತಟ್ಟೆ. ಮೇಲಾಗಿ 6 ಇಂಚಿಗೆ 9 ಇಂಚು ಏರಿದರೆ ಓರೆ 56 ಡಿಗ್ರಿ. ಮನೆಯ ಮೆಟ್ಟಿಲು 38ನ್ನೂ ಮುಟ್ಟುವುದಿಲ್ಲ. ಆದ್ದರಿಂದ ಜಾತಿಯಲ್ಲಿ ಇದು ಏಣಿ. ಹಗ್ಗವನ್ನು ಹಾವೆಂದು ಬಗೆದವನು ಹೆದರುತ್ತಾನೆ, ಅಷ್ಟೆ. ಏಣಿಯನ್ನು ಮೆಟ್ಟಿಲೆಂದು ಬಗೆದವನು ಬೀಳುತ್ತಾನೆ.

ದೃಷ್ಟಾಂತ: ಅರಿಜೋನಾದಲ್ಲಿರುವ ಮಗನ ಮನೆಗೆ ತೀರ್ಥಹಳ್ಳಿ ಕಡೆಯಿಂದ ಬಂದ ತಾಯಿ. ಜಾರದಿರಲೆಂದು ಹಲಗೆಗೆ ಕೊರೆದ ಹಲ್ಲುಗಳು ಸೀರೆಯ ಅಂಚು ಹಿಡಿಯುತ್ತವೆಂದು ಮೊದಲ ನೋಟಕ್ಕೇ ಕಂಡುಕೊಂಡು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳುತ್ತಾರೆ. "ಮುಂದೆ ನೋಡ್ಕೊಂಡು ಇಳಿಯಮ್ಮ" ಎಂದು ಕೈಚಾಚಿದ ಇಂಜಿನಿಯರ್ ಮಗನಿಗೆ, "ಅಟ್ಟದಿಂದ ಯಾರಾದ್ರೂ ಹಂಗೆ ಇಳೀತಾರೇನೋ? ಸರಿ ಆಚೆ" ಎಂದು ಬಾಗಿಲ ಕಡೆ ಮುಖಮಾಡಿ, ಹಿಡಿಕೆ ಹಿಡಿದು, ಒಂದೊಂದೇ ಹಲಗೆಯನ್ನು ಕಾಲಲ್ಲಿ ತಡಕಿ ಹಿಮ್ಮುಖವಾಗಿ ಇಳಿಯುತ್ತಾರೆ. ಎರಡು ಕೈ ಒಂದು ಕಾಲು, ಅಥವಾ ಎರಡು ಕಾಲು ಒಂದು ಕೈ, ಸದಾ ಮೂರು ಅಂಗ ಏಣಿಗೆ ತಾಗಿರಬೇಕೆಂದು ಅಮೆರಿಕದ ಕಾರ್ಖಾನೆಗಳು ಕಾರ್ಮಿಕರಿಗೆ ಬೋಧಿಸುವುದೂ ಇದನ್ನೇ. ಅಟ್ಟದಲ್ಲಿ ಉಪ್ಪಿನಕಾಯಿ ಭರಣಿ ಇಟ್ಟ ಮನೆಗಳಲ್ಲಿ ಆ ಬೋಧನೆ ಬೇಕಾಗುವುದಿಲ್ಲ.

ಮತಾಂತರ

ಅದೇ ಅರಿಜೋನಾದ ಕ್ವಾರ್ಟ್ಸೈಟ್ ಊರಿಗೆ ಚಳಿಗಾಲದಲ್ಲಿ ಲೆಕ್ಕವಿಲ್ಲದಷ್ಟು ಕ್ಯಾಂಪರುಗಳು ಬಂದಿಳಿಯುತ್ತವೆ. ಅಲ್ಲಿಯ ಸ್ಮಶಾನದಲ್ಲಿ ತುದಿಗೆ ಒಂಟೆ ನಿಲ್ಲಿಸಿದ ಕಲ್ಲಿನ ಪಿರಮಿಡ್ ಇದೆ. 1856ರಲ್ಲಿ ಅಮೆರಿಕದ ಸೈನ್ಯದ ಒಂಟೆ ಪ್ರಯೋಗಕ್ಕೆ ಬಂದು 1902ರಲ್ಲಿ ತೀರಿಕೊಂಡ ಹಾಜಿ ಅಲಿಯ ಸಮಾಧಿ ಅದು. ಒಂಟೆ ಏರುವವನ ಮುಂದೆ ಮಂಡಿಯೂರುತ್ತದೆ, ಇಳಿಯುವವನಿಗೂ ಮಂಡಿಯೂರುತ್ತದೆ, ರಿವೆಟ್ ಇಲ್ಲ. ಸೈನ್ಯ ಆ ಪ್ರಯೋಗವನ್ನು ಕೈಬಿಟ್ಟಿತು. ಕಾರಣಗಳು ಬೇರೆ, ಮೆಟ್ಟಿಲಿನದಲ್ಲ.

ಫಲಶ್ರುತಿ

ಇದನ್ನು ಓದಿ, ಹೊರಡುವ ಮುನ್ನ ಪ್ರತಿ ರಿವೆಟ್ಟನ್ನೂ ಅಲುಗಾಡಿಸಿ ನೋಡಿ, ಸವೆದದ್ದರ ಜಾಗದಲ್ಲಿ ಬೋಲ್ಟು, ಲಾಕ್ ನಟ್ಟು ಹಾಕಿಸಿ, ಮೆಟ್ಟಿಲು ಮಡಚದೆ ಗಾಡಿ ಚಾಲೂ ಮಾಡದವರಿಗೆ ಸೊಂಟ ಲಭಿಸುತ್ತದೆ. ಓದಿಯೂ ತಟ್ಟೆ ಹಿಡಿದು ಮುಂದೆ ನೋಡುತ್ತಾ ಇಳಿದವರಿಗೆ ಪೂರ್ವೋಕ್ತ ಅಧಿಕಾರ ಲಭಿಸುತ್ತದೆ. ಅವರು ಮತ್ತೆ ಮೊದಲಿನಿಂದ ಓದತಕ್ಕದ್ದು, ಸಾಧ್ಯವಾದರೆ ಮಲಗಿಕೊಂಡು.