ಅಟ್ಟದ ಮೇಲಿನ ಟ್ರಂಕು

ನಮ್ಮ ವಿಜ್ಞಾನ ಸಂಘದ ವಾರ್ಷಿಕ ಸಭೆ ಮತ್ತೆ ಬಂತು ನೋಡಿ. ಗ್ರಹಣದ ದಿನವಾದರೆ ಮೈದಾನದಲ್ಲಿ ಕಾಲಿಡೋಕೆ ಜಾಗ ಇರಲ್ಲ, ಸಭೆ ಅಂದರೆ ಮಾತ್ರ ಬರೀ ಕುರ್ಚಿಗಳು. "ಮುಂದಿನ ಕಾರ್ಯದರ್ಶಿ ಯಾರಾಗ್ತೀರಿ?" ಅಂದದ್ದೇ ತಡ, ಬಂದ ನಾಲ್ಕು ಜನಕ್ಕೂ ಮೊಬೈಲಿನಲ್ಲಿ ಏನೋ ಅರ್ಜೆಂಟು! ಹೀಗಾಗಿ ನಮ್ಮ ಯಜಮಾನರೇ ಖಾಯಂ.

ವಿಜ್ಞಾನ ಬೇಡ ಅಂತಲ್ಲ ಕಣ್ರೀ. ಜನ ಹೆದರೋದು ಟ್ರಂಕಿಗೆ. ಪದವಿಯ ಹಿಂದೆಯೇ ಅದೂ ಮನೆಗೆ ಬರುತ್ತೆ. ನಡಾವಳಿ ಪುಸ್ತಕ, ಅರ್ಧ ಹರಿದ ರಸೀದಿ ಪುಸ್ತಕ, ಒಣಗಿದ ಸ್ಟಾಂಪ್ ಪ್ಯಾಡು, 'ಬಾಲವಿಜ್ಞಾನ'ದ ಹಳೇ ಸಂಚಿಕೆಗಳು, ಕಾಲು ಮುರಿದ ಗ್ರಹಣದ ಕನ್ನಡಕಗಳು. ಟೆಲಿಸ್ಕೋಪು ಬೇರೆ. ಅದರ ಮುಕ್ಕಾಲಿ ಮೇಲೆ ಮಳೆಗಾಲದಲ್ಲಿ ಟವೆಲ್ ಚೆನ್ನಾಗಿ ಒಣಗುತ್ತೆ, ಆ ಮಾತು ಬಿಡಿ.

ಗ್ರಹಣ ಅಂದಾಗ ನೆನಪಾಯ್ತು. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ ಕಡೆ ಖಗ್ರಾಸ ಆಯಿತಲ್ಲ, ಅವತ್ತು ನಮ್ಮಜ್ಜಿ ಉಪ್ಪಿನಕಾಯಿ ಭರಣಿ ಮೇಲೂ ದರ್ಭೆ ಇಟ್ಟು, ನಮ್ಮನ್ನೆಲ್ಲ ನಡುಮನೆಯಲ್ಲಿ ಕೂಡಿಹಾಕಿದ್ದಳು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಶುರುವಾದದ್ದೂ ಅದೇ ವರ್ಷ. ಸರಿಯಾದ ಹೊತ್ತಿಗೇ ಹುಟ್ಟಿತು ಅನ್ನಬೇಕು, ಅಲ್ವಾ?

ಬೆಂಗಳೂರಿನ ಎಚ್. ನರಸಿಂಹಯ್ಯನವರು 1962ರಲ್ಲಿ ಸೈನ್ಸ್ ಫೋರಂ ಕಟ್ಟಿದಾಗ ಈ ಟ್ರಂಕಿನ ತಾಪತ್ರಯವೇ ಇರಲಿಲ್ಲ. ಉಪನ್ಯಾಸಕ್ಕೆ ನ್ಯಾಷನಲ್ ಕಾಲೇಜು, ಇರೋಕೆ ಅಲ್ಲಿಯದೇ ಹಾಸ್ಟೆಲಿನ ಕೋಣೆ. ಮದುವೆಯೂ ಆಗಲಿಲ್ಲ. ಅಟ್ಟ ಖಾಲಿ ಮಾಡ್ರಿ ಅಂತ ಗೊಣಗೋರು ಯಾರು? ಅಂಥವರು ಊರಿಗೊಬ್ಬರು ಸಿಗ್ತಾರಾ ಹೇಳಿ.

ಹುಡುಗರನ್ನು ಹಿಡಿಯೋಣ ಅಂದರೆ, ಮಕ್ಕಳ ವಿಜ್ಞಾನ ಸಮಾವೇಶ ಇರೋದು 10ರಿಂದ 17 ವರ್ಷದವರಿಗೆ. ಕೆರೆ ನೀರು ಪರೀಕ್ಷೆ ಮಾಡಿ, ಚಾರ್ಟು ಬರೆದು, ಎಷ್ಟು ಉಮೇದಿನಿಂದ ಓಡಾಡ್ತಾವೆ! 18 ತುಂಬಿತೋ, ಬೆಂಗಳೂರಿನ ಬಸ್ಸು. ಆಮೇಲೆ ಸಂಘ ಅವರನ್ನು ಒಂದು ಮಾತೂ ಕೇಳೋದಿಲ್ಲ, ಅವರೂ ಇತ್ತ ತಲೆ ಹಾಕೋದಿಲ್ಲ. ಅಲ್ಲಿದ್ದುಕೊಂಡೇ ಸಂಘದ ಪ್ರಕಟಣೆ ಬರೆದುಕೊಡು, ಉಪನ್ಯಾಸಕ್ಕೆ ಯಾರನ್ನಾದರೂ ಒಪ್ಪಿಸು ಅಂದರೆ ಬೇಡ ಅಂತಾರಾ?

ಇನ್ನು ನಮ್ಮ ವಿಷಯ. ಪ್ರತಿ ಸಲ ರಿಟೈರಾದ ಫಿಸಿಕ್ಸ್ ಮೇಷ್ಟ್ರುಗಳನ್ನೇ ಹುಡುಕ್ತಾರೆ, ಬೇಲಿಯ ಈಚೆ ಆಚೆ ನಾವಿಬ್ಬರು ಇರೋದು ಯಾರ ಕಣ್ಣಿಗೂ ಬಿದ್ದಿಲ್ಲ. ನಿಮ್ಮ ಸ್ತ್ರೀಶಕ್ತಿ ಗುಂಪಿನಲ್ಲಿ ಉಳಿತಾಯದ ಲೆಕ್ಕ ಪೈಸೆ ತಪ್ಪದ ಹಾಗೆ ಇಡ್ತೀರಿ, ಮುಂದಾಳುಗಳನ್ನು ಸರದಿ ಮೇಲೆ ಬದಲಾಯಿಸ್ತೀರಿ. ಸಂಘಕ್ಕೆ ಇನ್ನೇನು ಬೇಕು? "ನಂಗೆ ವಿಜ್ಞಾನ ಬರಲ್ಲಪ್ಪಾ" ಅನ್ನಬೇಡಿ. ಖಜಾಂಚಿಗೆ ಬೇಕಿರೋದು ಕೂಡೋದು, ಕಳೆಯೋದು. ಗುರು ಶನಿಗಳ ಪಾಡು ಮೇಷ್ಟ್ರುಗಳು ನೋಡ್ಕೋತಾರೆ.

ಭಾನುವಾರ ನನ್ನ ಜೊತೆ ಬನ್ನಿ, ನಾನೇ ನಿಮ್ಮ ಹೆಸರು ಸೂಚಿಸ್ತೀನಿ. ಆಮೇಲೆ ಆ ಟ್ರಂಕು ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ನಿಮ್ಮಲ್ಲಿ. ನಿಮ್ಮ ಮಂಚದ ಕೆಳಗೆ ಜಾಗ ಇದೆ, ಅಲ್ವಾ?