ಮೊದ್ಲು ಆ ಕೋಚ್‌ನ ಕಿತ್ತಾಕಿ!

ನಿಜ ಹೇಳಿ, ನಮ್ಮ ಆರ್‌ಸಿಬಿ ಕೋಚ್ ಆಂಡಿ ಫ್ಲವರ್‌ಗೆ ಎಷ್ಟು ಸಲ ಬೈದಿದ್ದೀರಿ? ನಾನೇನು ಸ್ಟೇಷನ್ನಿಂದ ಬಂದಿಲ್ಲ, ಸುಮ್ನೆ ಕೇಳ್ತಿದ್ದೀನಿ. ಬೆಳ್ಳೂರು ಕ್ರಾಸಿನ ಬೆಂಚಿನ ಮೇಲೆ ಕೂತು, ಬೈಟು ಕಾಫಿ ಹೀರ್ತಾ, ‘ಅದ್ಯಾವನ್ಲಾ ಅವ್ನು ಕೋಚು, ಮೊದ್ಲು ಅವನ್ನ ಕಿತ್ತಾಕ್ಬೇಕು ಕಣ್ಲಾ’ ಅಂದೋರು ನೀವೇ ತಾನೇ? (ಬಾಯ್ಬಿಟ್ಟು ಒಪ್ಕೋಬೇಡಿ. ಪಕ್ಕದಲ್ಲಿ ಜನ ಅವ್ರೆ. ತಲೆ ಆಡಿಸಿದ್ರೆ ಸಾಕು.)

ಅದೇ ನೀವು, ಟೀಮು ಐಪಿಎಲ್ ಕಪ್ ಗೆದ್ದ 2025ರ ಜೂನ್ 3ರ ರಾತ್ರಿ ಏನಂದ್ರಿ? ‘18 ವರ್ಷ ಕಾದಿದೀವಿ ಸ್ವಾಮಿ! ನಮ್ಮಷ್ಟು ತಾಳ್ಮೆ ಇನ್ಯಾರಿಗೈತೆ ಈ ಭೂಮಿ ಮೇಲೆ?’ ಕಣ್ಣಲ್ಲಿ ನೀರು ಬೇರೆ. ಸರಿ, ಕಾದಿದ್ದೀರಿ. ಇಲ್ಲ ಅಂದೋರ್ಯಾರು? ಆದ್ರೆ ಕಾದಿದ್ದೂ ತಾಳ್ಕೊಂಡಿದ್ದೂ ಒಂದೇನಾ? ಇವತ್ತು ಆ ಲೆಕ್ಕ ಒಂಚೂರು ಬಿಚ್ಚೋಣ ಬನ್ನಿ.

ಮೊದಲ್ನೇ ದಿನದಿಂದ್ಲೇ ನೋಡಿ. 2008ರ ಏಪ್ರಿಲ್ 18, ಚಿನ್ನಸ್ವಾಮಿ ಸ್ಟೇಡಿಯಂ, ಐಪಿಎಲ್‌ನ ಮೊಟ್ಟಮೊದಲ ಮ್ಯಾಚು. ಕೋಲ್ಕತ್ತಾದ ಮೆಕಲಮ್ ಒಬ್ನೇ 158 ಹೊಡೆದ. ನಮ್ಮ ಹನ್ನೊಂದು ಜನ ಸೇರಿ ಹೊಡೆದಿದ್ದು 82. ಆವತ್ತೇ ನೀವು ಟಿವಿ ಆಫ್ ಮಾಡಿ ಎದ್ದೋಗಿದ್ರೆ ನಿಮಗೆ ಇಷ್ಟೆಲ್ಲ ಬಿಪಿ ಬರ್ತಿರ್ಲಿಲ್ಲ. ಹೋಗಲಿಲ್ಲ ನೀವು. ಅದು ನಿಮ್ಮ ದೊಡ್ಡಗುಣ, ಒಪ್ಪಿದೆ.

ಆದ್ರೆ ಆಮೇಲೆ? ವೆಂಕಟೇಶ್ ಪ್ರಸಾದ್, ರೇ ಜೆನ್ನಿಂಗ್ಸ್, ಡೇನಿಯಲ್ ವೆಟೋರಿ, ಗ್ಯಾರಿ ಕರ್ಸ್ಟನ್, ಸೈಮನ್ ಕ್ಯಾಟಿಚ್, ಮೈಕ್ ಹೆಸನ್, ಸಂಜಯ್ ಬಂಗಾರ್, ಆಂಡಿ ಫ್ಲವರ್. 18 ಸೀಸನ್ನಿಗೆ ಎಂಟು ಜನ ಕೋಚುಗಳು. ಇವರಲ್ಲಿ ನಿಮ್ಮ ಬಾಯಿಗೆ ಬೀಳದೆ ಬಚಾವಾದೋರು ಒಬ್ಬರ ಹೆಸರು ಹೇಳಿ, ಇವತ್ತಿನ ಕಾಫಿ ನಂದು.

ಕರ್ಸ್ಟನ್ ಕಥೆ ನೆನಪಿದೆಯಾ? 2011ರಲ್ಲಿ ಇಂಡಿಯಾ ವರ್ಲ್ಡ್ ಕಪ್ ಗೆದ್ದಾಗ ಕೋಚು ಅವರೇ. ಆವಾಗ ನಿಮಗೆ ದೇವರ ಸಮಾನ. ಅದೇ ಮನುಷ್ಯ 2019ರಲ್ಲಿ ನಮ್ಮ ಟೀಮಿನ ಹೆಡ್ ಕೋಚಾದ್ರು. ಮೊದಲ ಮ್ಯಾಚಲ್ಲಿ 70ಕ್ಕೆ ಆಲೌಟು, ಸಾಲಾಗಿ ಆರು ಸೋಲು, ಕಡೇಗೆ ಟೇಬಲ್ ತಳ. ‘ಈವಯ್ಯಂಗೆ ಏನೂ ಬರಾಕಿಲ್ಲ ಬುಡಣ್ಣ’ ಅಂದ್ಬಿಟ್ರಿ! ಎಂಟು ವರ್ಷದಲ್ಲಿ ಒಬ್ಬ ಮನುಷ್ಯ ಕಲಿತಿದ್ದೆಲ್ಲ ಮರೆತೋಗ್ತಾನಾ, ಅಥವಾ ಮರೆವು ನಮಗಾ?

ಈಗ 2024ಕ್ಕೆ ಬನ್ನಿ, ಗುಟ್ಟೆಲ್ಲ ಅಲ್ಲೇ ಇರೋದು. ಏಪ್ರಿಲ್ 15ರ ರಾತ್ರಿ. ಒಡೆದ ಗ್ಲಾಸಿನ ಮೊಬೈಲನ್ನ ಬಿಸ್ಕತ್ ಡಬ್ಬಿಗೆ ಒರಗಿಸಿ ನಿಲ್ಸಿದ್ರಿ. ನೆಟ್‌ವರ್ಕು ನಿಂತೂ ನಿಂತೂ ಬರೋದು. ಪ್ರತಿ ಸಲ ಚಿತ್ರ ತಿರುಗಿ ಬಂದಾಗ್ಲೂ ಹೈದರಾಬಾದಿನೋರು ಇನ್ನೊಂದು ಸಿಕ್ಸ್ ಹೊಡೆದು ಮುಗಿಸಿರೋರು. 20 ಓವರಿಗೆ 287. (ನಮ್ಮೋರೂ 262 ಹೊಡೆದ್ರು ಅನ್ನಿ. 262 ಹೊಡೆದೂ ಸೋಲೋದು ನಮಗಲ್ದೆ ಇನ್ಯಾರಿಗೆ ಒಲಿಯುತ್ತೆ?)

ಮೊದಲ ಎಂಟು ಮ್ಯಾಚಲ್ಲಿ ಗೆದ್ದಿದ್ದು ಒಂದೇ ಒಂದು. ಫ್ಲವರ್‌ಗೆ ಅದು ಮೊದಲನೇ ವರ್ಷ. ಮದುವೆಯಾಗಿ ಬಂದ ಸೊಸೆಗೂ ನಾವು ಮೂರು ತಿಂಗಳು ಟೈಮ್ ಕೊಡ್ತೀವಿ. ಈತನಿಗೆ ನೀವು ಕೊಟ್ಟಿದ್ದು ಮೂರು ವಾರ. ಅಷ್ಟರಲ್ಲಿ ಊರಿನ ವಾಟ್ಸಾಪ್ ಗ್ರೂಪಲ್ಲಿ ಹೊಸ ಕೋಚಿನ ಹೆಸರೂ ಫೈನಲ್ ಆಗಿತ್ತು. (ಆ ಹೆಸರು ಸೂಚಿಸಿದ್ದು ಯಾರು ಅಂತ ನಾನು ಹೇಳಲ್ಲ. ನೀವೂ ಹೇಳ್ಬೇಡಿ.)

ಆ ಮನುಷ್ಯನ ಹಳೇ ಕಥೆ ಗೊತ್ತಿದ್ರೆ ನೀವು ಅಷ್ಟು ಅರ್ಜೆಂಟ್ ಮಾಡ್ತಿರ್ಲಿಲ್ಲ. 2009ರಲ್ಲಿ ಇಂಗ್ಲೆಂಡ್ ಟೀಮನ್ನ ಹಂಗಾಮಿಯಾಗಿ ವಹಿಸ್ಕೊಂಡ್ರು. ಶುರುವಿನಲ್ಲೇ ಜಮೈಕಾದ ಟೆಸ್ಟಲ್ಲಿ ಟೀಮು 51ಕ್ಕೆ ಗಂಟುಮೂಟೆ ಕಟ್ತು. ಮರುವರ್ಷ ಅದೇ ಇಂಗ್ಲೆಂಡು ಟಿ20 ವರ್ಲ್ಡ್ ಕಪ್ ಎತ್ಕೊಂಡು ಬಂತು. ಆಮೇಲೆ ಆಸ್ಟ್ರೇಲಿಯಾಕ್ಕೇ ಹೋಗಿ ಆ್ಯಷಸ್ ಗೆದ್ದು ಬಂತು. 51 ನೋಡಿ ಹೆದರದೆ ಇದ್ದೋನು ನಿಮ್ಮ ಸ್ಟೇಟಸ್ ನೋಡಿ ಹೆದರ್ತಾನಾ?

ಮುಂದೆ ಏನಾಯ್ತು? ಆ ಎಂಟರ ನಂತರ ಆರಕ್ಕೆ ಆರೂ ಗೆಲುವು! ಮೇ 18ರಂದು ಚೆನ್ನೈನ 27 ರನ್ನಿಗೆ ಬಡಿದು ಪ್ಲೇಆಫ್. ಆವತ್ತು ಪಟಾಕಿ ಹೊಡೆದಿದ್ದೂ ನೀವೇ. ನಾಕು ದಿನ ಬಿಟ್ಟು ರಾಜಸ್ತಾನದ ಕೈಲಿ ಸೋತಾಗ ‘ನಾ ಮೊದ್ಲೇ ಏಳಿರ್ಲಿಲ್ವಾ’ ಅಂದಿದ್ದೂ ನೀವೇ. ನಿಮ್ಮೊಳಗೆ ಎಷ್ಟು ಜನ ವಾಸ ಮಾಡ್ತಾರೆ ಮಾರಾಯ್ರೆ?

ಇನ್ನು ಆ ಹರಾಜು! 2024ರ ನವೆಂಬರ್, ಸೌದಿಯ ಜೆಡ್ಡಾ. ಟೀಮನ್ನ ಬುಡದಿಂದ ಹೊಸದಾಗಿ ಕಟ್ತೀವಿ ಅಂತ ಹೊರಟ್ರು. ಉಳಿಸ್ಕೊಂಡಿದ್ದು ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂರೇ ಜನ. ಸಿರಾಜ್ ಗುಜರಾತಿಗೆ ಹೋದ್ರು. ನಮ್ಮ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದ್ರು. ವಿಲ್ ಜ್ಯಾಕ್ಸ್‌ನ ಮುಂಬೈ ಕೊಂಡಾಗ ನಮ್ಮೋರು ವಾಪಸ್ ಕೇಳಲಿಲ್ಲ. ಮುಂಬೈ ಟೀಮಿನ ಆಕಾಶ್ ಅಂಬಾನಿ ಎದ್ದು ನಮ್ಮ ಟೇಬಲ್ ಹತ್ರ ಬಂದು ಕೈ ಕುಲುಕಿ ಹೋದ್ರು. ಆ ಹ್ಯಾಂಡ್‌ಶೇಕ್ ನೋಡಿ ನಿಮಗೆ ಆ ರಾತ್ರಿ ಮುದ್ದೆ ಇಳೀಲಿಲ್ಲ, ಹೌದೋ ಅಲ್ವೋ?

ಮೊದಲ ದಿನ ಮುಗಿದಾಗ ಜೇಬಲ್ಲಿ ಇನ್ನೂ 30.65 ಕೋಟಿ ಹಾಗೇ ಇತ್ತು. ‘ದುಡ್ನ ಉಪ್ಪಿನಕಾಯಿ ಹಾಕ್ತಾರಾ?’ ಅಂತ ನೀವು ಕೂಗಾಡಿದ್ರಿ. (ನಿಮ್ಮ ಜೇಬಲ್ಲಿ ಆಗ ಬೈಟುಗೂ ಚಿಲ್ಲರೆ ಇರ್ಲಿಲ್ಲ, ಆ ಮಾತು ಬೇರೆ.) ಎರಡನೇ ದಿನ ಅದೇ ದುಡ್ಡಲ್ಲಿ ಭುವನೇಶ್ವರ್ ಬಂದ್ರು, 5.75 ಕೋಟಿಗೆ ಕೃಣಾಲ್ ಪಾಂಡ್ಯ ಬಂದ್ರು, ಒಂದೂವರೆ ಕೋಟಿಗೆ ಶೆಫರ್ಡ್ ಬಂದ. ‘ಯಾರ್ಲಾ ಇವ್ರೆಲ್ಲ’ ಅಂದ್ರಿ.

2025ರ ಫೈನಲ್ಲಲ್ಲಿ ಪಂಜಾಬಿನ ಕ್ಯಾಪ್ಟನ್ ಶ್ರೇಯಸ್ ಅಯ್ಯರ್ ಬೆಲೆ 26.75 ಕೋಟಿ. ಒಂದೇ ರನ್ನಿಗೆ ಅವರನ್ನ ಎತ್ತಿದ್ದು ಆ ಒಂದೂವರೆ ಕೋಟಿಯ ಶೆಫರ್ಡ್. ನಾಕು ಓವರಿಗೆ ಬರೀ 17 ಕೊಟ್ಟು ಎರಡು ವಿಕೆಟ್ ಕಿತ್ತು, ಮ್ಯಾನ್ ಆಫ್ ದಿ ಮ್ಯಾಚ್ ಆಗಿದ್ದು ಕೃಣಾಲ್. 190ಕ್ಕೆ 184, ಆರು ರನ್ನಿನ ಗೆಲುವು. ಹರಾಜಿನ ರಾತ್ರಿ ಬೈದಿದ್ದು ಇವರನ್ನೇ ಅಲ್ವಾ? ಈಗ ಇವರ ಫೋಟೋನೇ ನಿಮ್ಮ ಡೀಪಿ.

ಇರಿ ಇರಿ, ಆ ಗೆದ್ದ ವರ್ಷಾನಾದ್ರೂ ಸುಮ್ಕಿದ್ರಾ? ಮಾರ್ಚಲ್ಲಿ ಚೆಪಾಕಿನಲ್ಲಿ 2008ರ ನಂತರ ಮೊದಲ್ನೇ ಸಲ ಚೆನ್ನೈನ ಸೋಲ್ಸಿದ್ರು, ಕುಣಿದ್ರಿ. ಮನೆ ಅಂಗಳ ಚಿನ್ನಸ್ವಾಮಿಯಲ್ಲಿ ಮೊದಲ ಮೂರೂ ಮ್ಯಾಚು ಸೋತ್ರು, ‘ಕೋಚ್‌ಗೆ ಪಿಚ್ಚೇ ಗೊತ್ತಿಲ್ಲ’ ಅಂದ್ರಿ. ಫೈನಲ್ಲಲ್ಲಿ ಕೊಹ್ಲಿ 35 ಬಾಲಿಗೆ 43 ಹೊಡೀವಾಗ ‘ಏನ್ ಟೆಸ್ಟ್ ಮ್ಯಾಚಾ?’ ಅಂತ ಗೊಣಗಿದ ಧ್ವನಿ ಯಾರ್ದೋ ಗೊತ್ತಾಗ್ಲಿಲ್ಲ. ಗೊಣಗಿದ್ದೂ ಒಂದೇ ಸಲ, ಅದೂ ಮೆತ್ತಗೆ. ಯಾಕಂದ್ರೆ ಅವನು ಕೊಹ್ಲಿ.

ನೋಡಿ, ಸಿಕ್ತಲ್ಲ ಎಳೆ! ಕೊಹ್ಲಿಗೆ ಬೈಯೋಕೆ ಮನಸ್ಸು ಬರಲ್ಲ. ಟೀಮಿಗೆ ಬೈಯೋಕಾಗಲ್ಲ, ಅದು ನಮ್ದು. ಹಾಗಂತ ಸಿಟ್ಟು ಹೊಟ್ಟೇಲೇ ಇಟ್ಕೊಂಡ್ರೆ ಅಜೀರ್ಣ. ಅದಕ್ಕೇ ಒಬ್ಬ ಕೋಚ್ ಬೇಕು. ಜಿಂಬಾಬ್ವೆಯೋನು, ಕನ್ನಡ ಬರಲ್ಲ, ಬೆಳ್ಳೂರು ಕಡೆ ಬರೋ ಭಯ ಇಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ? ನಮ್ಮದು ಅದಕ್ಕೂ ಒಂದು ಕೈ ಮೇಲು. ನಮಗೆ ಅತ್ತೆ ಮೇಲೆ ಪ್ರೀತಿ, ಅದಕ್ಕೇ ಕೊತ್ತಿಗೆ ಏಟು.

ಇಲ್ಲ ಅಂತೀರಾ? ನಿಮ್ಮೂರ ಕಬಡ್ಡಿ ಟೀಮಿನ ವಿಚಾರ ತಗೊಳ್ಳಿ. ಗಣಪತಿ ಹಬ್ಬದ ಟೂರ್ನಮೆಂಟಲ್ಲಿ ಪ್ರತಿ ವರ್ಷ ಮೊದಲ್ನೇ ರೌಂಡಲ್ಲೇ ಮನೆಗೆ. ಯಾವತ್ತಾದ್ರೂ ಟ್ರೈನಿಂಗ್ ಕೊಡೋನ್ನ ಬದಲಾಯ್ಸಿ ಅಂದ್ರಾ? ಅಂಪೈರ್ ಮೋಸ, ನೆಲ ಒದ್ದೆ, ಎದುರು ಟೀಮಲ್ಲಿ ಬೇರೆ ತಾಲ್ಲೂಕಿನ ಹುಡುಗ್ರು ಅವ್ರೆ ಅಂತ ಹತ್ತು ನೆಪ ಹೇಳಿದ್ರಿ. ಟ್ರೈನಿಂಗ್ ಕೊಡೋನು ನಿಮ್ಮ ಸೋದರಮಾವನ ಮಗ, ಅದಕ್ಕೆ. ಹತ್ರದೋನಿಗೆ ತಾಳ್ಮೆ, ದೂರದೋನಿಗೆ ಬೈಗುಳ. ಎಂಥಾ ನ್ಯಾಯ!

ಫುಟ್ಬಾಲ್‌ನೋರು ನಮಗಿಂತ ವಾಸಿ ಅನ್ಕೊಂಡ್ರಾ? ನಮ್ಮ ಬೆಂಗಳೂರು ಎಫ್‌ಸಿನೇ ನೋಡಿ. ಕಾರ್ಲೆಸ್ ಕ್ವಾಡ್ರಾಟ್ ಕೋಚಾಗಿದ್ದಾಗ 2019ರ ಮಾರ್ಚಲ್ಲಿ ಐಎಸ್‌ಎಲ್ ಕಪ್ಪು ಬಂತು. ಎಕ್ಸ್‌ಟ್ರಾ ಟೈಮಲ್ಲಿ ರಾಹುಲ್ ಭೇಕೆ ತಲೆ ಕೊಟ್ಟು ಗೋಲ್ ಹಾಕಿದ್ದು, ಗೋವಾ ಸೋತಿದ್ದು. 2021ರ ಜನವರಿಯಲ್ಲಿ ಸಾಲಾಗಿ ಮೂರು ಮ್ಯಾಚ್ ಸೋತಿದ್ದೇ ತಡ, ಕಪ್ ತಂದೋರಿಗೂ ನಮಸ್ಕಾರ. ಎರಡು ವರ್ಷ ತುಂಬಿರ್ಲಿಲ್ಲ ಸ್ವಾಮಿ!

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ನೋರು ಮಾತ್ರ ಹಲ್ಲು ಕಚ್ಕೊಂಡು ತಡ್ಕೊಂಡ್ರು. ಅಲೆಕ್ಸ್ ಫರ್ಗುಸನ್ ಅಲ್ಲಿಗೆ ಬಂದಿದ್ದು 1986ರಲ್ಲಿ. ಮೂರು ವರ್ಷ ಆದ್ರೂ ಒಂದು ಕಪ್ಪಿಲ್ಲ. ಸಾಕು ಹೊರಡಪ್ಪ ಅಂತ ಅಭಿಮಾನಿಯೊಬ್ಬ ಸ್ಟೇಡಿಯಂನಲ್ಲೇ ಬ್ಯಾನರ್ ಹಿಡಿದ. (ನಮ್ಮೋರೇ ಇರ್ಬೇಕು, ವಿಚಾರಿಸಿ.) ಕ್ಲಬ್ಬಿನೋರು ಕಿತ್ತಾಕಲಿಲ್ಲ. 1990ರಲ್ಲಿ ಎಫ್‌ಎ ಕಪ್ ಬಂತು. 2013ರಲ್ಲಿ ಆತ ರಿಟೈರ್ ಆಗೋ ಹೊತ್ತಿಗೆ ಪ್ರೀಮಿಯರ್ ಲೀಗ್ ಟೈಟಲ್ಲೊಂದೇ 13 ಸಲ ಬಂದಿತ್ತು.

ಈಗ ನೀವು ಸುಮ್ನೆ ಬಿಡ್ತೀರಾ? ಒಂದು ಪಾಯಿಂಟ್ ಹುಡುಕಿ ಇಟ್ಟಿರ್ತೀರಿ. ‘ನಮ್ಮ ಹೆಣ್ಮಕ್ಳ ಟೀಮಲ್ಲಿ ಕೋಚ್‌ನ ಬದಲಾಯ್ಸಿದ್ಕೇ ಕಪ್ ಬಂತು, ಅದ್ಕೇನಂತೀರಿ?’ ಸರಿಯಾಗಿ ಹಿಡಿದ್ರಿ. 2023ರಲ್ಲಿ ಸ್ಮೃತಿ ಮಂಧಾನ ಟೀಮು ಮೊದಲ ಐದೂ ಮ್ಯಾಚು ಸೋತಿತ್ತು. ಕೋಚ್ ಬದಲಾದ್ರು, ಲೂಕ್ ವಿಲಿಯಮ್ಸ್ ಬಂದ್ರು, 2024ರ ಮಾರ್ಚಲ್ಲಿ ಕಪ್ಪು. ಅಷ್ಟೇ ಯಾಕೆ, ಫ್ಲವರ್ ಬಂದಿದ್ದೂ ಬಂಗಾರ್ ಅವರನ್ನ ಕಳಿಸಿದ ಮೇಲೇ ಅಲ್ವಾ?

ಬದಲಾಯಿಸೋದು ತಪ್ಪು ಅಂತ ನಾನೆಲ್ಲಿ ಅಂದೆ? ಆದ್ರೆ ಅವರು ಬದಲಾಯಿಸಿದ್ದು ಸೀಸನ್ ಮುಗಿದ ಮೇಲೆ, ಕೂತು ಯೋಚ್ನೆ ಮಾಡಿ. ಅದೂ ಸ್ಮೃತಿಯನ್ನ ಕ್ಯಾಪ್ಟನ್ಸಿಯಿಂದ ಅಲ್ಲಾಡಿಸದೇನೇ. ನೀವು ಬದಲಾಯ್ಸಿ ಅಂತಿರೋದು ಪವರ್‌ಪ್ಲೇ ಮುಗಿಯೋಕೆ ಮುಂಚೆ! ಎರಡಕ್ಕೂ ಸ್ವಲ್ಪ ವ್ಯತ್ಯಾಸ ಐತೆ ಕಣಣ್ಣ.

ನಮ್ಮ ನಾಗಮಂಗಲ ಸೀಮೆಯೋರಿಗೆ ತಾಳ್ಮೆನೇ ಇಲ್ಲ ಅಂತ ಹೇಳೋಕೂ ಆಗಲ್ಲ ಬಿಡಿ. ನಾಟಿ ತೆಂಗಿನ ಸಸಿ ಇಟ್ಟು ಆರೇಳು ವರ್ಷ ನೀರು ಹೊರ್ತೀರಿ. ಮಳೆ ಕೈಕೊಟ್ರೂ, ಬೋರು ಬತ್ತಿದ್ರೂ ಕಾಯ್ತೀರಿ. ಯಾಕೆ ಗೊತ್ತಾ? ತೆಂಗು ಬೆಳೆಯೋದನ್ನ ಜಿಯೋಹಾಟ್‌ಸ್ಟಾರಲ್ಲಿ ಲೈವ್ ತೋರಿಸಲ್ಲ! ತೋರಿಸಿದ್ರೆ ನಾಕನೇ ದಿನಕ್ಕೇ ‘ಈ ಗಿಡ ಫಾರ್ಮಲ್ಲಿಲ್ಲ, ಬೇರೆ ಇಳಿಸಿ’ ಅಂತಿದ್ರಿ.

ಇಷ್ಟೆಲ್ಲ ತಮಾಷೆ ಮಾಡಿದ್ರೂ ಒಂದು ಮಾತು ಗಂಭೀರವಾಗೇ ಹೇಳ್ಬೇಕು. ಕಪ್ ಗೆದ್ದ ಮಾರನೇ ದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದ್ರು. ಅದನ್ನ ತಮಾಷೆಯೊಳಗೆ ತರೋ ಬಾಯಿ ನನಗಿಲ್ಲ. ಕಪ್ ನೋಡೋಕೆ ಹೋದ ನಮ್ಮಂಥೋರೇ ಅವರು.

ಇನ್ನು ನಿಮ್ಮ ಆ 18 ವರ್ಷದ ತಾಳ್ಮೆಗೆ ಬರೋಣ. 2009ರಲ್ಲಿ ಆರು ರನ್ನಿಗೆ ಫೈನಲ್ ಹೋಯ್ತು. 2011ರಲ್ಲಿ 58ಕ್ಕೆ ಹೋಯ್ತು. 2016ರಲ್ಲಿ ವಿಕೆಟ್ಟೇ ಬೀಳದೆ 114 ಆಗಿತ್ತು, ಆದ್ರೂ ಎಂಟು ರನ್ನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರು ಸಲಾನೂ ನೀವು ಬೈದ್ರಿ, ಅತ್ರಿ, ‘ಇನ್ಮೇಲೆ ಕ್ರಿಕೆಟ್ ನೋಡಿದ್ರೆ ಕೇಳಿ’ ಅಂತ ಆಣೆ ಇಟ್ರಿ. ಮುಂದಿನ ಏಪ್ರಿಲ್‌ಗೆ ‘ಈ ಸಲ ಕಪ್ ನಮ್ದೇ’ ಅಂತ ಬಂದು ಅದೇ ಬೆಂಚಿನ ಮೇಲೆ ಕೂತ್ರಿ. ಇದನ್ನ ತಾಳ್ಮೆ ಅನ್ನಲ್ಲ, ಚಟ ಅಂತಾರೆ. ತಾಳ್ಮೆ ಅನ್ನೋ ಸರ್ಟಿಫಿಕೇಟು ನಾವೇ ಬರೆದು, ನಾವೇ ಸೀಲ್ ಹಾಕಿ, ನಾವೇ ತಗೊಂಡಿದ್ದು. ಅದೂ ಗೆದ್ದ ಮೇಲೆ.

ಹೋಗ್ಲಿ ಬಿಡಿ, ಚಟಾನೂ ಕೆಟ್ಟದ್ದಲ್ಲ. ಎಲ್ರೂ ಫ್ಲವರ್ ಥರ ತಣ್ಣಗೆ ಕೂತ್ರೆ ಕ್ರಾಸಲ್ಲಿ ಕಾಫಿ ವ್ಯಾಪಾರ ಆಗೋದು ಹೆಂಗೆ? ಬೈಯಿರಿ, ಧಾರಾಳವಾಗಿ ಬೈಯಿರಿ. ಆದ್ರೆ ಯಾವ ಸೀಸನ್ನೇ ಆಗ್ಲಿ, ಮೊದಲ ಮೂರು ಮ್ಯಾಚು ಸೋತಾಗ ಬಾಯಲ್ಲಿ ಬೈಯಿರಿ ಸಾಕು, ವಾಟ್ಸಾಪಲ್ಲಿ ಟೈಪ್ ಮಾಡ್ಬೇಡಿ. ಅಕಸ್ಮಾತ್ ಅದೇ ಕೋಚು ಕಪ್ ತಂದ್ರೆ, ‘ನಾನು ಮೊದ್ಲಿಂದ್ಲೂ ಇವನ ಕಡೇನೇ’ ಅನ್ನೋಕೆ ದಾರಿ ಇರ್ಬೇಕಲ್ಲ! ಟೈಪ್ ಮಾಡಿದ್ದನ್ನ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳೋರು ಪ್ರತಿ ಗ್ರೂಪಲ್ಲೂ ಒಬ್ಬರು ಇದ್ದೇ ಇರ್ತಾರೆ. ನಿಮ್ಮ ಗ್ರೂಪಲ್ಲಿ ಅದು ನಾನೇ.