ಶಕ್ತಿನಗರದ ಚಿಮಣಿಗಳಿಗೆ ಕುರ್ಡಿಯಿಂದ ಒಂದು ಅರ್ಜಿ

ಗೆ,
ಮಹಾರಾಜಶ್ರೀ ಚಿಮಣಿ ಸಾಹೇಬರು,
ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಶಕ್ತಿನಗರ.

ವಿಷಯ: ಹೊಗೆ ತಪಾಸಣೆಯಲ್ಲಿ ಪಾಸಾಗುವ ಬಗೆಯನ್ನು ತಿಳಿಸಿಕೊಡುವ ಕುರಿತು.

ಮಾನ್ಯರೇ,

ಮಾನ್ವಿ ತಾಲ್ಲೂಕು ಕುರ್ಡಿಯಿಂದ ಒಬ್ಬ ಜೀಪಿನವನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಿ ಎಂದು ಕೇಳುವ ಅಗತ್ಯ ನಮಗಿಲ್ಲ. ದೇವಸೂಗೂರಿನ ಸೂಗೂರೇಶ್ವರನ ಜಾತ್ರೆಗೆ ಹೊರಟವರಿಗೆ ದೇವರಿಗಿಂತ ಮೊದಲು ನಿಮ್ಮ ದರ್ಶನವೇ ಆಗುತ್ತದೆ. ಹೊಗೆ ಯಾವ ಕಡೆ ವಾಲಿದೆ ಎಂದು ನೋಡಿ ಗಾಳಿಯ ದಿಕ್ಕು ಹೇಳುವವರೂ ಇದ್ದಾರೆ.

ನಾವು ಓರಗೆಯವರು ಎಂಬ ಸಲುಗೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಮೊದಲ ಘಟಕ ಶುರುವಾದದ್ದು 1985ರಲ್ಲಿ. ನನ್ನ ಮನೆ ಮುಂದಿನ ಮಹೀಂದ್ರ ಎಂಎಂ 540 ಜೀಪೂ ಅದೇ ದಶಕದ್ದು. ಫ್ರಾನ್ಸಿನ ಪ್ಯೂಜೊ ಕಂಪನಿಯ ಪರವಾನಗಿ ಪಡೆದು ಇಲ್ಲಿ ತಯಾರಿಸಿದ ಡೀಸೆಲ್ ಇಂಜಿನ್ನು, 2112 ಸಿಸಿ, ಹೆಚ್ಚೆಂದರೆ 62 ಅಶ್ವಶಕ್ತಿ. ಆಮೇಲೆ ನೀವು ಬೆಳೆದು ಎಂಟು ಘಟಕವಾದಿರಿ, 1720 ಮೆಗಾವಾಟ್ ಆದಿರಿ. ಯರಮರಸಿನಲ್ಲಿ ನಿಮ್ಮ ತಮ್ಮಂದಿರೂ ಹುಟ್ಟಿದರು, ತಲಾ 800 ಮೆಗಾವಾಟ್‌ನ ಇಬ್ಬರು. ಜೀಪು ಮಾತ್ರ ಇದ್ದಷ್ಟೇ ಇದೆ. ತಳದ ತಗಡು ತುಕ್ಕು ತಿಂದು ಉದುರಿದ್ದನ್ನು ಲೆಕ್ಕ ಹಿಡಿದರೆ ತುಸು ಕಡಿಮೆಯೇ ಆಗಿದೆ.

ಶಹರದವರು ಇಂಥದ್ದನ್ನು ಆಫ್‌ರೋಡ್ ಗಾಡಿ ಎನ್ನುತ್ತಾರೆ. ಭಾನುವಾರ ಕೆಸರು ಹುಡುಕಿಕೊಂಡು ಹೋಗಿ, ಅದರಲ್ಲಿ ಬೇಕಂತಲೇ ಸಿಕ್ಕಿಕೊಂಡು, ಬಿಡಿಸಿಕೊಂಡು, ಫೋಟೊ ಹೊಡೆಸಿಕೊಳ್ಳುತ್ತಾರಂತೆ. ನಮಗೆ ಹುಡುಕುವ ತ್ರಾಸಿಲ್ಲ. ಶ್ರಾವಣದಲ್ಲಿ ಒಂದು ಹದ ಮಳೆ ಬಿದ್ದರೆ ಎರೆಹೊಲದ ದಾರಿಯಲ್ಲಿ ಎತ್ತಿನ ಬಂಡಿ ಗುಂಬದವರೆಗೆ ಹೂತುಕೊಳ್ಳುತ್ತದೆ. ಆಗ ಮುಂದಿನ ಗಾಲಿಗೂ ಗೇರು ಹಾಕಿ, ಲೋದಲ್ಲಿ ಬಿಟ್ಟು, ಹಗ್ಗ ಕಟ್ಟಿ ಎಳೆಯುವುದು ಈ ಜೀಪು. ಹತ್ತಿ ಅಂಡಿಗೆ, ಗೊಬ್ಬರದ ಚೀಲ, ಹೆರಿಗೆ ನೋವಿನ ಹೆಣ್ಣುಮಕ್ಕಳು, ಚುನಾವಣೆ ಬಂದಾಗ ಯಾವ ಪಕ್ಷದ್ದೆಂದು ಕೇಳದೆ ಮೈಕು ಮತ್ತು ಬಾವುಟ, ಎಲ್ಲವನ್ನೂ ಹೊತ್ತಿದೆ. ಇನ್ನು ಕೆಲವು ಕಡೆ ಡಾಂಬರೇ ರಸ್ತೆ ಬಿಟ್ಟು ಹೋಗಿರುವುದರಿಂದ, ನಮ್ಮ ಭಾಗದ ಬಸ್ಸುಗಳೂ ಆಫ್‌ರೋಡ್ ಗಾಡಿಗಳೇ. ಆ ಮಾತು ಬೇರೆ ಪತ್ರಕ್ಕಿರಲಿ.

ನನ್ನ ಕಷ್ಟ ಹೊಗೆಯದು. ಈ ವಯಸ್ಸಿನ ಗಾಡಿಗೆ ಮಾಲಿನ್ಯ ತಪಾಸಣೆಯ ಚೀಟಿ ಆರು ತಿಂಗಳಷ್ಟೇ ನಡೆಯುತ್ತದೆ. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಾದ ಮೇಲೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಹದಿನೈದು ವರ್ಷ ದಾಟಿದ್ದರಿಂದ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಇಪ್ಪತ್ತು ದಾಟಿದ ಲಘು ವಾಹನಕ್ಕೆ 2025ರ ಆಗಸ್ಟ್‌ನಿಂದ ಅದರ ಶುಲ್ಕವೇ 10,000. ಜೀಪನ್ನು ಗುಜರಿಗೆ ಹಾಕಿದರೆ ಎಷ್ಟು ಬರುತ್ತದೆ ಎಂದು ಮನೆಯವಳು ಎರಡು ಸಲ ಕೇಳಿದ್ದಾಳೆ. ನನಗೂ ವಯಸ್ಸಾಗಿದೆ, ಆ ಪ್ರಶ್ನೆ ಕೇಳಿದಾಗಲೆಲ್ಲ ಅವಳು ಜೀಪಿನ ಕಡೆಯೇ ನೋಡುತ್ತಿದ್ದಾಳೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ.

ಪರೀಕ್ಷೆಯ ರೀತಿ ನಿಮಗೆ ಗೊತ್ತಿರಲಾರದು, ನೀವು ಪೆಟ್ರೋಲ್ ಬಂಕಿಗೆ ಬಂದವರಲ್ಲ. ಜೀಪನ್ನು ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಸೈಲೆನ್ಸರಿಗೆ ನಳಿಗೆ ತುರುಕುತ್ತಾರೆ. ಆಮೇಲೆ ಎಕ್ಸಲೇಟರನ್ನು ಒಮ್ಮೆಲೇ ತಳ ಮುಟ್ಟುವ ಹಾಗೆ ತುಳಿಯಬೇಕು, ಬಿಡಬೇಕು, ಮತ್ತೆ ತುಳಿಯಬೇಕು. ಸಂತೆಯಲ್ಲಿ ಪಡ್ಡೆ ಹುಡುಗರಷ್ಟೇ ಮಾಡುವ ಈ ಕೆಲಸವನ್ನು ಇಲ್ಲಿ ಸರ್ಕಾರವೇ ಮಾಡಿಸುತ್ತದೆ. ನಳಿಗೆಯ ಆಚೆ ಒಂದು ದೀಪ, ಈಚೆ ಒಂದು ಕಣ್ಣು, ನಡುವೆ ನಮ್ಮ ಹೊಗೆ. ಬೆಳಕು ಪೂರ್ತಿ ದಾಟಿದರೆ ಸೊನ್ನೆ, ಏನೂ ದಾಟದಿದ್ದರೆ ನೂರು. ಲೆಕ್ಕದ ಹೆಸರು ಹಾರ್ಟ್‌ರಿಜ್ ಯೂನಿಟ್. ಬಿಎಸ್ 4 ಎಂಬ ಹೊಗೆ ಮಾನದಂಡಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ 65ರವರೆಗೆ ಪಾಸು, ಬಿಎಸ್ 4ರದಕ್ಕೆ 50. ಅಂದರೆ ಮೂರರಲ್ಲಿ ಹತ್ತಿರಹತ್ತಿರ ಎರಡು ಪಾಲು ಕತ್ತಲೆಗೆ ಕಾನೂನಿನ ಒಪ್ಪಿಗೆ ಇದೆ. ಅಷ್ಟು ಉದಾರವಾದ ಪರೀಕ್ಷೆಯಲ್ಲೂ ನಮ್ಮದು ನಪಾಸಾಯಿತು.

ಗ್ಯಾರೇಜಿನ ಉಸ್ತಾದನ ಹತ್ತಿರ ಹೋದೆ. ಹೊಗೆಯ ಬಣ್ಣ ನೋಡಿ ರೋಗ ಹೇಳುವವನು ಆತ. "ಕರಿ ಹೊಗಿ ಅಂದ್ರ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ನೀಲಿ ಬಂದ್ರ ಆಯಿಲ್ ಸುಡಾಕತ್ತೈತಿ. ಬಿಳಿ ಅಂದ್ರ ಡೀಸೆಲ್ ಅರ್ಧಕ್ಕ ಉಳದೈತಿ. ಕಾಕಾ, ನಿಮ್ದು ಮೂರೂ ಐತ್ರಿ" ಎಂದ. ಏರ್ ಫಿಲ್ಟರು ಬಿಚ್ಚಿ ತೋರಿಸಿದ. ಹಳೆ ಜೀಪಿನದು ಆಯಿಲ್ ತುಂಬಿದ ಬೋಗುಣಿ. ಒಳಗೆ ಹೋಗುವ ಗಾಳಿ ಆ ಆಯಿಲಿನ ಮೇಲೆ ಹಾದು ಧೂಳು ಬಿಟ್ಟು ಹೋಗಬೇಕು. ನಮ್ಮದರಲ್ಲಿ ಆಯಿಲ್ ಎಲ್ಲಿ ಮುಗಿದು ಎರೆಮಣ್ಣು ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟವಿತ್ತು. ನಾಜಲ್ ನಾಲ್ಕೂ ಸೋರುತ್ತಿದ್ದವು. ಪಂಪನ್ನು ಕ್ಯಾಲಿಬ್ರೇಶನ್ನಿಗೆ ಕಳಿಸಬೇಕು, ವಾಲ್ವು ಕೂರಿಸಬೇಕು, ರಿಂಗ್ ಬದಲಿಸಬೇಕು ಎಂದು ಆತ ಚೀಟಿ ಬರೆಯುತ್ತ ಹೋದ. ಒಂದು ಮಾತು ಒಪ್ಪಿಬಿಡುತ್ತೇನೆ: ನಮ್ಮ ಜೀಪಿನ ಹೊಗೆ ಹೊಗೆಯೇ, ಹಿಂದೆ ಬೈಕಿನಲ್ಲಿ ಬರುವವರು ಮೂಗು ಮುಚ್ಚಿಕೊಂಡು ಬೈಯುವುದು ನ್ಯಾಯವೇ. ಆತ ಬರೆದ ಚೀಟಿಯೇ ಅದಕ್ಕೆ ಸರಿಯಾದ ಔಷಧ.

ಆದರೆ ಚೀಟಿಯ ಮೊತ್ತ ನೋಡಿ ನನ್ನ ಮುಖ ಬಿಳಿಚಿದ್ದನ್ನು ಕಂಡು ಉಸ್ತಾದ ಎರಡನೇ ಔಷಧವನ್ನೂ ಹೇಳಿದ. ಪಂಪಿನಲ್ಲಿ ಡೀಸೆಲಿನ ಪ್ರಮಾಣ ಹಿಡಿದಿಡುವ ಒಂದು ಸ್ಕ್ರೂ ಇರುತ್ತದಂತೆ. ಬಂಕಿಗೆ ಹೋಗುವ ಮೊದಲು ಅದನ್ನು ತುಸು ಹಿಂದಕ್ಕೆ ತಿರುಗಿಸುವುದು. ಇಂಜಿನ್ನಿಗೆ ಅರೆಹೊಟ್ಟೆ, ಹೊಗೆ ಕಡಿಮೆ, ಚೀಟಿ ಕೈಗೆ. ಬಂದ ಮೇಲೆ ಮತ್ತೆ ಮುಂದಕ್ಕೆ ತಿರುಗಿಸಿದರೆ ಜೀಪು ಹಳೆಯ ಶಕ್ತಿ, ಹಳೆಯ ಹೊಗೆ ಸಮೇತ ಹೊಲಕ್ಕೆ. ಉಸ್ತಾದ ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಜಗತ್ತಿನಾದ್ಯಂತ ಸುಮಾರು ಒಂದು ಕೋಟಿ ಹತ್ತು ಲಕ್ಷ ಕಾರುಗಳಲ್ಲಿ ಮಾಡಿದ್ದು ಇದನ್ನೇ. ಪರೀಕ್ಷೆ ನಡೆಯುತ್ತಿದೆ ಎಂದು ಕಾರಿನ ಕಂಪ್ಯೂಟರ್ ತಾನೇ ಪತ್ತೆ ಹಚ್ಚಿ ಸಭ್ಯವಾಗುತ್ತಿತ್ತು, ರಸ್ತೆಗಿಳಿದರೆ ಎಂದಿನಂತೆ. ಅವರು ಅದಕ್ಕೆ ದೊಡ್ಡ ದೊಡ್ಡ ಇಂಜಿನಿಯರುಗಳನ್ನು ಇಟ್ಟಿದ್ದರು. ನಮ್ಮಲ್ಲಿ ಒಂದು ಸ್ಕ್ರೂಡ್ರೈವರು.

ಈ ಎರಡೂ ಔಷಧ ನನಗೆ ಒಗ್ಗಲಿಲ್ಲ. ಒಂದಕ್ಕೆ ದುಡ್ಡಿಲ್ಲ, ಇನ್ನೊಂದಕ್ಕೆ ಧೈರ್ಯವಿಲ್ಲ. ಆಗ ನಿಮ್ಮ ನೆನಪಾಯಿತು.

ಅದೇ 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳಿಗೆ ಹೊಸ ಮಿತಿ ಹೇರಿ, ಗಂಧಕದ ಹೊಗೆಯನ್ನೂ ಲೆಕ್ಕಕ್ಕೆ ತಂದಿತ್ತು. ಗಡುವು ಎರಡು ವರ್ಷ, ಅಂದರೆ 2017. ಅದು 2022ಕ್ಕೆ ಹೋಯಿತು. 2021ರಲ್ಲಿ ಸ್ಥಾವರಗಳನ್ನು ಮೂರು ವರ್ಗ ಮಾಡಿ ಒಂದೊಂದಕ್ಕೆ ಒಂದೊಂದು ತಾರೀಖು ಕೊಟ್ಟರು. 2022ರಲ್ಲಿ ಮತ್ತೆ ಎರಡು ವರ್ಷ, 2024ರ ಕೊನೆಗೆ ಮತ್ತೆ ಮೂರು ವರ್ಷ. ಕಡೆಗೆ 2025ರ ಜುಲೈನಲ್ಲಿ ದೇಶದ ಮುಕ್ಕಾಲು ಪಾಲಿಗೂ ಹೆಚ್ಚು ಸ್ಥಾವರಗಳಿಗೆ ಗಂಧಕದ ಮಿತಿಯೇ ಮಾಫಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದು ಕಾರಣಗಳಲ್ಲೊಂದು, ಇರಬಹುದು. ಆರು ತಿಂಗಳಿಗೊಮ್ಮೆ ಸೈಲೆನ್ಸರಿಗೆ ನಳಿಗೆ ತುರುಕಿಸಿಕೊಳ್ಳುವ ನನಗೆ ಆ ಕಾರಣಕ್ಕಿಂತ ಈ ತಾರೀಖುಗಳ ಪಟ್ಟಿಯೇ ಹೆಚ್ಚು ರುಚಿಸಿತು. ಮತ್ತೆ ಮತ್ತೆ ಓದಿದೆ.

ನಿಮಗೂ ಮೀಟರಿದೆ ಎಂದು ಕೇಳಿದ್ದೇನೆ. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದ ಮೇಲೆ ದೊಡ್ಡ ಕಾರ್ಖಾನೆಗಳೆಲ್ಲ ತಮ್ಮ ಚಿಮಣಿಗೆ ತಾವೇ ಮೀಟರು ಕೂರಿಸಿ, ಬಂದ ಅಂಕಿಯನ್ನು ಆನ್‌ಲೈನಿನಲ್ಲಿ ಕಳಿಸಬೇಕು. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಒಂದು ಮೀಟರನ್ನು ನಮ್ಮ ಪಡಸಾಲೆಯಲ್ಲೂ ಇಡಲು ನಾನು ತಯಾರಿದ್ದೇನೆ. ಊಟವಾದ ಮೇಲೆ ನಾನೇ ನೋಡಿ ಬರೆದು ಕಳಿಸುತ್ತೇನೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಮಾಫಿಯ ಆದೇಶವನ್ನು ಗ್ಯಾರೇಜಿನ ಬೆಂಚಿನ ಮೇಲೆ ಕೂತು ಓದಿದಾಗ ನಮ್ಮ ಜೀಪಿಗೆ ಹೇಳಿ ಬರೆಸಿದಂಥ ಎರಡು ಅಂಶ ಕಣ್ಣಿಗೆ ಬಿದ್ದವು. ಮೊದಲನೆಯದು, ಹತ್ತು ಲಕ್ಷ ಜನಸಂಖ್ಯೆಯ ನಗರದಿಂದ 10 ಕಿಲೊಮೀಟರಿನೊಳಗೆ ಇರುವ ಸ್ಥಾವರಗಳಿಗೆ ಗಡುವು ಬಿಗಿ. ಮಿಕ್ಕವುಗಳಲ್ಲಿ, ಮೊದಲೇ ಗಾಳಿ ಕೆಟ್ಟಿದೆ ಎಂದು ಪಟ್ಟಿಗೆ ಸೇರಿದ ಊರುಗಳ ಪಕ್ಕದವನ್ನು ಒಂದೊಂದಾಗಿ ವಿಚಾರಿಸುತ್ತಾರೆ. ಉಳಿದವು ಪಾರು. ರಾಯಚೂರು ನಗರ ಮೊದಲ ಪಟ್ಟಿಗೆ ಬರಬೇಕಾದರೆ 2011ರ ಜನಗಣತಿಯ ಪ್ರಕಾರ ಇನ್ನೂ ಏಳೆಂಟು ಲಕ್ಷ ಮಂದಿ ಬೇಕು. ಅಂದ ಮೇಲೆ ಕುರ್ಡಿಯ ಗತಿ ಏನು? ನಮ್ಮೂರಲ್ಲಿ ಮೂಗುಗಳು ಕಡಿಮೆ ಇವೆ ಎಂಬ ಆಧಾರದ ಮೇಲೆಯೇ ನನ್ನ ಜೀಪಿಗೆ ವಿನಾಯಿತಿ ಸಿಗಬೇಕಿತ್ತು. ಬಂಕಿನಲ್ಲಿ ಯಾರೂ ಊರಿನ ಜನಸಂಖ್ಯೆ ಕೇಳುವುದಿಲ್ಲ, ನಂಬರ್ ಪ್ಲೇಟಿನ ಫೋಟೊ ಮಾತ್ರ ತೆಗೆಯುತ್ತಾರೆ.

ಎರಡನೆಯದು ಎತ್ತರ. ಮಾಫಿ ಸಿಗಬೇಕಾದರೆ ಚಿಮಣಿ ನಿಯಮದಷ್ಟು ಎತ್ತರವಿರಬೇಕು: 200 ಮೆಗಾವಾಟ್‌ನಿಂದ 500ರ ಒಳಗಿನ ಘಟಕಕ್ಕೆ 220 ಮೀಟರ್, ಅದಕ್ಕೂ ಮೇಲಾದರೆ 275. ಹೊಗೆ ಎತ್ತರದಲ್ಲಿ ಬಿಟ್ಟರೆ ದೂರ ಹರಡಿ ತೆಳುವಾಗುತ್ತದೆ ಎಂಬುದು ತತ್ವ. ಕೆಳಗಿನವರ ಪಾಲಿನದು ದೂರದವರಿಗೆ ಹಂಚಿಹೋಗುತ್ತದೆ ಎನ್ನುವುದೂ ಅದೇ ತತ್ವ. ಇದನ್ನು ಓದಿ ನಾನು ಪೆನ್ನು ತೆಗೆದುಕೊಂಡು ಲೆಕ್ಕಕ್ಕೆ ಕೂತೆ. ನಿಮ್ಮ ಒಂದು ಘಟಕ 210 ಮೆಗಾವಾಟ್. ನಮ್ಮ ಜೀಪಿನ 62 ಅಶ್ವಶಕ್ತಿ ಎಂದರೆ ಸುಮಾರು 46 ಕಿಲೊವಾಟ್. 210 ಮೆಗಾವಾಟ್‌ಗೆ 220 ಮೀಟರ್ ಆದರೆ 46 ಕಿಲೊವಾಟ್‌ಗೆ ಎಷ್ಟು? ಐದು ಸೆಂಟಿಮೀಟರಿಗೂ ಕಡಿಮೆ. ಟೇಪು ಹಿಡಿದು ಅಳೆದೆ. ನಮ್ಮ ಸೈಲೆನ್ಸರ್ ಈಗಾಗಲೇ ನೆಲದಿಂದ ಒಂದು ಗೇಣಿಗೂ ಮೇಲಿದೆ. ಕೇಂದ್ರ ಸರ್ಕಾರದ ಅಳತೆಗಿಂತ ಎಷ್ಟೋ ಪಟ್ಟು ಹೆಚ್ಚು ಎತ್ತರದಲ್ಲಿ ನಾನು ಇಷ್ಟು ವರ್ಷ ಹೊಗೆ ಬಿಡುತ್ತಿದ್ದೇನೆ, ಯಾರೂ ಬೆನ್ನು ತಟ್ಟಿಲ್ಲ.

ಲೆಕ್ಕದ ಹಾಳೆಯನ್ನು ಬಂಕಿನ ಹುಡುಗನಿಗೆ ತೋರಿಸಿದೆ. ಡಿಪ್ಲೊಮಾ ಓದಿದ ಹುಡುಗ, ಪೂರ್ತಿ ನೋಡಿದ. "ಕಾಕಾ, ಲೆಕ್ಕ ಬರಾಬರ್ ಐತ್ರಿ, ಖರೇ. ಆದ್ರ ಸಾಫ್ಟ್‌ವೇರ್ ತಗೊಳ್ಳಂಗಿಲ್ರಿ. ಅದ್ರಾಗ ಎತ್ತರ ಹಾಕಾಕ ಜಾಗನ ಇಲ್ಲ" ಎಂದ.

ಆದ್ದರಿಂದ ದೊಡ್ಡವರಾದ ತಮ್ಮಲ್ಲಿ ವಿನಂತಿ. ಗಡುವು ಮುಂದೂಡಲು ಯಾರಿಗೆ, ಯಾವ ನಮೂನೆಯಲ್ಲಿ ಬರೆಯಬೇಕು, ಜೊತೆಗೆ ಏನೇನು ಲಗತ್ತಿಸಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಹತ್ತು ವರ್ಷ ಬೇಡ. ಈ ಸಲದ ಹತ್ತಿ ಮಾರಿ, ಪಂಪು ನಾಜಲ್ ರಿಪೇರಿ ಮಾಡಿಸುವವರೆಗೆ ಸಾಕು.

ಇತಿ ತಮ್ಮ ವಿಧೇಯ,
ಒಬ್ಬ ಜೀಪಿನವನು, ಕುರ್ಡಿ.

ಲಗತ್ತು: ಸೈಲೆನ್ಸರಿನ ಎತ್ತರದ ಲೆಕ್ಕ, ನಪಾಸಾದ ಚೀಟಿಯ ಜೆರಾಕ್ಸ್, ಉಸ್ತಾದನ ಅಂದಾಜುಪಟ್ಟಿ (ಮೊತ್ತದ ಮೇಲೆ ಚಹಾ ಚೆಲ್ಲಿದೆ, ಬೇಕಂತಲೇ).

ತಾ.ಕ.: ಪತ್ರ ಮಡಚುವಷ್ಟರಲ್ಲಿ ಬಂಕಿನ ಹುಡುಗ ಫೋನ್ ಮಾಡಿದ. ಕರೆಂಟು ಹೋಗಿ ಹೊಗೆ ಅಳೆಯುವ ಮೀಟರು ಬಂದ್ ಆಗಿದೆಯಂತೆ, ನಾಳೆ ಬರಬೇಕಂತೆ. ದಯವಿಟ್ಟು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ತಾವು ಸ್ವಲ್ಪ ಜೋರಾಗಿ ಉರಿಯಬೇಕು.